ಗಾಜು ವಿಮಾನ ಇಳಿಸುತ್ತದಾ, ದೊಡ್ಡಪ್ಪ?

ಘಾಟ್ಕೋಪರ್ ದೊಡ್ಡಪ್ಪ: (ಮನೆಯವರ ಗುಂಪಿಗೆ ಕಳಿಸಿದ ವಿಡಿಯೋ) ಎಲ್ಲರೂ ನೋಡಿ. ಪೈಲಟ್ ಕಣ್ಣೆದುರಿನ ಗಾಜಿನ ಮೇಲೆ ಹಸಿರು ಗೆರೆ ಬರುತ್ತದೆ, ಮಳೆಯಲ್ಲೂ ವಿಮಾನ ತಾನಾಗಿಯೇ ಇಳಿಯುತ್ತದೆ. ಇನ್ನು ಪೈಲಟ್‌ಗೆ ಅಷ್ಟು ಸಂಬಳ ಯಾಕೆ?

ಡೊಂಬಿವಲಿ ಚಿಕ್ಕಮ್ಮ: ಅಯ್ಯೋ ಭಾವ, ನಾಡಿದ್ದು ನಾನು ಬೆಂಗಳೂರಿಂದ ವಿಮಾನದಲ್ಲೇ ಬರೋದು. ಸುಮ್ನೆ ಹೆದರಿಸಬೇಡಿ.

ನಾನು: ದೊಡ್ಡಪ್ಪ, ಅದು ಹೆಡ್-ಅಪ್ ಡಿಸ್‌ಪ್ಲೇ, ಹಡ್. ತೋರಿಸುತ್ತದೆ ಅಷ್ಟೇ, ಇಳಿಸುವುದಿಲ್ಲ. ತಾನಾಗಿ ಇಳಿಸುವ ಆಟೋಲ್ಯಾಂಡ್ ಬೇರೆ, ಅದು ಆಟೋಪೈಲಟ್ ಕೆಲಸ.

ದೊಡ್ಡಪ್ಪ: ಬರೀ ತೋರಿಸೋಕೆ ಇಷ್ಟೆಲ್ಲ ಯಾಕಪ್ಪಾ? ಕೆಳಗೆ ಮೀಟರುಗಳಿಲ್ವಾ?

ನಾನು: ಇವೆ, ಆದರೆ ತಲೆ ತಗ್ಗಿಸಬೇಕು. ಸಾಮಾನ್ಯ ಐಎಲ್‌ಎಸ್‌ನಲ್ಲಿ, ಅಂದರೆ ರೇಡಿಯೋ ಸಂಕೇತ ಹಿಡಿದು ರನ್‌ವೇಗೆ ಇಳಿಯುವಾಗ, 200 ಅಡಿಗೆ ಬರುವಷ್ಟರಲ್ಲಿ ರನ್‌ವೇ ಅಥವಾ ಅದರ ದೀಪ ಕಾಣಬೇಕು. ಕಾಣದಿದ್ದರೆ ಮತ್ತೆ ಮೇಲಕ್ಕೆ. ಅಂಥ ಹೊತ್ತಲ್ಲಿ ಮೀಟರಿಂದ ಕಣ್ಣೆತ್ತಿ ದೂರಕ್ಕೆ ಹೊಂದಿಸಿಕೊಳ್ಳೋದೇ ಕಷ್ಟ. ಹಡ್‌ನ ಲೆನ್ಸು ಬೆಳಕಿನ ಕಿರಣಗಳನ್ನು ಸಮಾಂತರ ಮಾಡಿ ಕಳಿಸುತ್ತದೆ. ಹಾಗಾಗಿ ಗಾಜು ಕೈಗೆಟುಕುವಷ್ಟು ಹತ್ತಿರ ಇದ್ದರೂ ಗೆರೆಗಳು ರನ್‌ವೇ ಮೇಲೆಯೇ ಬರೆದ ಹಾಗೆ ಕಾಣುತ್ತವೆ.

ನಾನು: ರೆಕ್ಕೆ ಇರುವ ಸಣ್ಣ ವೃತ್ತ ನೋಡಿದಿರಾ? ಮೂತಿ ಎತ್ತ ತಿರುಗಿದೆ ಅನ್ನೋದಲ್ಲ ಅದು, ವಿಮಾನ ನಿಜವಾಗಿ ಹೋಗುತ್ತಿರುವ ದಿಕ್ಕು. ಅಡ್ಡಗಾಳಿ ಇದ್ದರೆ ಎರಡೂ ಬೇರೆ ಬೇರೆ. ಆ ವೃತ್ತವನ್ನು ಇಳಿಯುವ ಓರೆ ತೋರಿಸುವ 3 ಡಿಗ್ರಿ ಗೆರೆಯ ಜೊತೆ ಇಳಿಯುವ ಗುರುತಿನ ಮೇಲೆ ಕೂರಿಸಿ ಹಿಡಿಯಬೇಕು. ಹಿಡಿಯೋರು ಯಾರು? ಪೈಲಟ್ಟೇ. ವಿಡಿಯೋದಲ್ಲಿ ಅವರ ಕೈ ಒಂದು ಕ್ಷಣವೂ ಸುಮ್ಮನಿಲ್ಲ.

ದೊಡ್ಡಪ್ಪ: ಮಧ್ಯೆ ಗೆರೆ ಮಾಯ ಆಯ್ತಲ್ಲ, ಕೆಟ್ಟು ಹೋಯ್ತಾ?

ನಾನು: ಇಲ್ಲ, ಕ್ಯಾಮೆರಾ ಪಕ್ಕಕ್ಕೆ ಸರಿಯಿತು. ಗೆರೆ ಗಾಜಿನ ನೇರಕ್ಕೆ ಇದ್ದರೆ ಮಾತ್ರ ಕಾಣೋದು. ಪೈಲಟ್ ತಲೆ ಜಾಸ್ತಿ ಆಚೀಚೆ ಆದರೂ ಹಾಗೇ.

ವಾಸ್ಕೋ ಅಣ್ಣ: ಇದು ಮೊದಲು ಯುದ್ಧವಿಮಾನಕ್ಕೆ ಬಂದದ್ದು. ತೇಜಸ್‌ನ ಹಡ್ ಮಾಡಿದ್ದು ಚಂಡೀಗಢದ ಸರ್ಕಾರಿ ಪ್ರಯೋಗಾಲಯ ಸಿಎಸ್‌ಐಒ. ಇಲ್ಲೇ ಗೋವಾದ ನಮ್ಮ ನೌಕಾಪಡೆ ವಿಮಾನ ನೆಲೆ ಐಎನ್‌ಎಸ್ ಹಂಸದಲ್ಲಿ 2019ರ ಸೆಪ್ಟೆಂಬರ್ 13ರಂದು ನೌಕಾ ತೇಜಸ್ ಅಡ್ಡತಂತಿಗೆ ಕೊಕ್ಕೆ ಸಿಕ್ಕಿಸಿ ಇಳಿಯಿತು. ಒಳಗೆ ಪೈಲಟ್ ಇದ್ದರು ದೊಡ್ಡಪ್ಪ, ಸಂಬಳದವರೇ 😄

ಚಿಕ್ಕಮ್ಮ: ನನ್ನ ವಿಮಾನದಲ್ಲಿ ಈ ಗಾಜು ಇರುತ್ತದಾ?

ನಾನು: ಬೋಯಿಂಗ್ 787ರಲ್ಲಿ ಇಬ್ಬರು ಪೈಲಟ್‌ಗಳಿಗೂ ಇರುತ್ತದೆ. ಏರ್‌ಬಸ್ 320ಗಳಲ್ಲಿ ಬಹುಪಾಲಿಗೆ ಇಲ್ಲ. ಚಿಂತೆ ಬೇಡ ಚಿಕ್ಕಮ್ಮ, ರನ್‌ವೇ ಪಕ್ಕ ನಾಲ್ಕು ದೀಪಗಳ ಸಾಲಿದೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದಾರೆ ಅಂತ.

ದೊಡ್ಡಪ್ಪ: ನಮ್ಮ ಟೆರೇಸ್ ಮೇಲೆ ಹೋಗೋವು ಎಲ್ಲಾ ತೀರಾ ಕೆಳಗೇ.

ಅಣ್ಣ: ಘಾಟ್ಕೋಪರ್ ದಾಟಿದರೆ ಮುಂಬೈ ರನ್‌ವೇನೇ ಅಲ್ವಾ, ಇನ್ನೆಷ್ಟು ಮೇಲೆ ಹೋಗಬೇಕು?

ದೊಡ್ಡಪ್ಪ: ಇರಲಿ. ಸೊಸೈಟಿ ಗುಂಪಿಗೂ ಆಗಲೇ ಕಳಿಸಿಬಿಟ್ಟೆ. ಅಲ್ಲಿ ಎಲ್ಲರೂ ಒಪ್ಪಿದ್ದಾರೆ.