ಎರಡು ಡೈಮಂಡ್ ಆಟಕ್ಕೆ ಮೊದಲ ಎಲೆ ಯಾವುದು ಹಾಕಬೇಕಿತ್ತು?

ದುರ್ಗಿಗುಡಿ, ಶಿವಮೊಗ್ಗ:

ಬಲ್ಲವರಿಗೆ ನಮಸ್ಕಾರ. ಮಳೆಗಾಲದ ಸಂಜೆಗಳಲ್ಲಿ ನಮ್ಮ ಮನೆಯಲ್ಲಿ ನಾಲ್ವರು ಸೇರಿ ಇಸ್ಪೀಟಿನ ಬ್ರಿಡ್ಜ್ ಆಡುತ್ತೇವೆ. ಒಂದು ಕೈಯ ವಿಷಯದಲ್ಲಿ ನನಗೂ ನನ್ನ ಜೊತೆಗಾರರಾದ ಸೋದರಮಾವನಿಗೂ ಇನ್ನೂ ಒಮ್ಮತ ಮೂಡಿಲ್ಲ. ನಾನು ಪಶ್ಚಿಮದಲ್ಲಿ ಕುಳಿತಿದ್ದೆ. ನನ್ನ ಎಲೆಗಳು:

ಸ್ಪೇಡ್: ಎಕ್ಕ, ರಾಣಿ, 10, 8
ಹಾರ್ಟ್: ರಾಣಿ, 9, 5
ಡೈಮಂಡ್: 7, 6, 3
ಕ್ಲಬ್: ರಾಜ, ಗುಲಾಮ, 4

ದಕ್ಷಿಣದವರು ಒಂದು ಸ್ಪೇಡ್ ಎಂದರು, ಉತ್ತರದವರು ಒಂದು ನೋ ಟ್ರಂಪ್ (ತುರುಫಿಲ್ಲದ ಆಟ), ದಕ್ಷಿಣದವರು ಎರಡು ಡೈಮಂಡ್. ಆಮೇಲೆ ಎಲ್ಲರೂ ಪಾಸ್. ಅಂದರೆ ಡೈಮಂಡ್ ತುರುಫು (ಬೇರೆ ಬಣ್ಣಗಳನ್ನು ಹೊಡೆಯುವ ಬಣ್ಣ), ದಕ್ಷಿಣದವರು ಎಂಟು ಟ್ರಿಕ್ (ಸುತ್ತು) ಗೆಲ್ಲಬೇಕು. ನಾವಿಬ್ಬರೂ ಒಂದೂ ಬಿಡ್ ಮಾಡಿರಲಿಲ್ಲ. ಯಾರೂ ಹೇಳದ ಬಣ್ಣ ಎಂದು ನಾನು ಹಾರ್ಟ್ 5 ಹಾಕಿದೆ. ದಕ್ಷಿಣದವರು ಸ್ಪೇಡ್‌ಗಳನ್ನು ಒಂದೊಂದಾಗಿ ಡಮ್ಮಿಯಲ್ಲಿ (ಮೇಜಿನ ಮೇಲೆ ತೆರೆದಿಟ್ಟ ಉತ್ತರದವರ ಕೈಯಲ್ಲಿ) ತುರುಫು ಹೊಡೆದು ಎಂಟು ಟ್ರಿಕ್ ಪೂರೈಸಿದರು. ಸ್ಪೇಡ್ ಎಕ್ಕ ಹಾಕಿ ಡಮ್ಮಿಯನ್ನು ನೋಡಿಕೊಂಡು ಮುಂದುವರಿಯಬೇಕಿತ್ತು ಎಂಬುದು ಮಾವನ ವಾದ. ಯಾವುದು ಸರಿ?

ಹೊಸನಗರ:

ಸ್ಪೇಡ್ ಎಕ್ಕ ಖಂಡಿತ ಬೇಡ. ಎದುರಾಳಿಯ ರಾಜನಿಗೆ ನೀವೇ ದಾರಿ ಬಿಟ್ಟುಕೊಟ್ಟಂತೆ. ಕ್ಲಬ್ 4 ಕೂಡ ನನಗೆ ಇಷ್ಟವಿಲ್ಲ. ಕ್ಲಬ್ ರಾಣಿ ದಕ್ಷಿಣದವರ ಕೈಯಲ್ಲಿದ್ದರೆ ಒಂದು ಟ್ರಿಕ್ ಸುಮ್ಮನೆ ಹೋಗುತ್ತದೆ. ಹಾಗಾಗಿ ನಿಮ್ಮ ಹಾರ್ಟ್ 5 ತಪ್ಪೆನಿಸುವುದಿಲ್ಲ.

ತೀರ್ಥಹಳ್ಳಿ:

ನನ್ನ ಮತ ಡೈಮಂಡ್ 3ಕ್ಕೆ. ತುರುಫನ್ನೇ ಹಾಕಿ.

ನಿಮ್ಮ ಎಲೆಗಳನ್ನು ಒಂದು ಕ್ಷಣ ಮುಚ್ಚಿಟ್ಟು ಬಿಡ್ ಮಾತ್ರ ಓದಿ. ದಕ್ಷಿಣದವರಲ್ಲಿ ಸಾಮಾನ್ಯವಾಗಿ ಐದು ಸ್ಪೇಡ್, ನಾಲ್ಕು ಡೈಮಂಡ್ ಇರುತ್ತವೆ. ಉತ್ತರದವರಿಗೆ ಎರಡು ಬಣ್ಣಗಳ ಆಯ್ಕೆ ಸಿಕ್ಕಾಗ ಅವರು ಸ್ಪೇಡ್‌ಗೆ ಮರಳದೆ ಡೈಮಂಡ್‌ನಲ್ಲಿಯೇ ನಿಂತರು. ಅಂದರೆ ಡಮ್ಮಿಯಲ್ಲಿ ಸ್ಪೇಡ್ ಒಂದೋ, ಬಹಳವೆಂದರೆ ಎರಡೋ. ಈಗ ನಿಮ್ಮ ಕೈ ತೆರೆಯಿರಿ. ಎಕ್ಕ, ರಾಣಿ, 10, 8 ದಕ್ಷಿಣದವರ ಸ್ಪೇಡ್‌ಗಳ ಹಿಂದೆ ಕಾವಲು ಕುಳಿತಿವೆ. ಅವರು ಮೊದಲು ಹಾಕಬೇಕು, ನೀವು ನೋಡಿಕೊಂಡು ಹಾಕುತ್ತೀರಿ. ಅವರ ಸಣ್ಣ ಸ್ಪೇಡ್‌ಗಳು ತಾವಾಗಿ ಟ್ರಿಕ್ ಗೆಲ್ಲುವ ಸಂಭವ ಕಡಿಮೆ. ಅವುಗಳಿಗೆ ಇರುವ ದಾರಿ ಡಮ್ಮಿಯ ತುರುಫು. ಅದನ್ನೇ ನೀವು ಮೊದಲು ಮುಚ್ಚಬೇಕು.

ಒಂದು ಸುತ್ತು ಡೈಮಂಡ್ ಹೋದರೆ ಡಮ್ಮಿಯಿಂದ ಒಂದು ತುರುಫು ಹೋಯಿತು. ಅವರು ಸಣ್ಣ ಸ್ಪೇಡ್ ಬಿಟ್ಟಾಗ ಹಲವು ಸಲ ಎಕ್ಕ ಖರ್ಚಾಗದೆ 8ರಲ್ಲಿಯೋ 10ರಲ್ಲಿಯೋ ನೀವು ಗೆಲ್ಲುತ್ತೀರಿ. ಗೆದ್ದ ಕೂಡಲೇ ಮತ್ತೊಂದು ಡೈಮಂಡ್. ಡಮ್ಮಿಯಲ್ಲಿ ನಾಲ್ಕು ತುರುಫು ಇದ್ದರೂ ಮೂರು ಸುತ್ತಿನ ನಂತರ ಉಳಿಯುವುದು ಒಂದೇ.

ಮಾವನವರಿಗೂ ಇದರಲ್ಲಿ ಪಾಲಿದೆ. ಕೈಯ ಬಲ ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಆಟದಲ್ಲಿರುವುದು ಒಟ್ಟು 40 ಪಾಯಿಂಟ್. ನಿಮ್ಮಲ್ಲಿ 12 ಇವೆ. ಎದುರಾಳಿಗಳು ಎರಡರ ಮಟ್ಟದಲ್ಲಿಯೇ ನಿಂತಿದ್ದಾರೆಂದರೆ ಮಾವನವರ ಕೈ ಬರಿದಾಗಿಲ್ಲ. ಅವರು ಗೆದ್ದಾಗಲೂ ಡೈಮಂಡ್ ಹಿಂತಿರುಗಿಸಬೇಕು. ಅವರ ಬಳಿ ಡೈಮಂಡ್ ರಾಣಿ ಇದ್ದರೆ ಅದು ಸಿಕ್ಕಿಬೀಳುವ ಅಪಾಯ ಇದೆ, ನಿಜ. ಆದರೆ ಆ ರಾಣಿಯನ್ನು ಉಳಿಸಲು ಹೋಗಿ ಎರಡು ಮೂರು ಸ್ಪೇಡ್ ಟ್ರಿಕ್ ಬಿಟ್ಟುಕೊಡುವುದು ಲೆಕ್ಕಕ್ಕೆ ಕೂಡುವುದಿಲ್ಲ.

ಎಕ್ಕವನ್ನು ಮೊದಲೇ ಹೊಡೆಯುವ ಅಭ್ಯಾಸ ಎಲ್ಲಿಂದ ಬಂತೆಂದು ಊಹಿಸಬಲ್ಲೆ. ನಮ್ಮ ಕಡೆ ಹಲವರು ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡಿ ಬೆಳೆದವರು. ಅಲ್ಲಿ ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ 1 ಎಂದು ಎಲೆಗೇ ಅಂಕ. ದೊಡ್ಡ ಎಲೆ ಸುರಕ್ಷಿತವಾಗಿ ಮನೆ ಸೇರಿದರೆ ಲಾಭ. ಬ್ರಿಡ್ಜ್‌ನಲ್ಲಿ ಎಲೆಗೆ ಅಂಕವಿಲ್ಲ, ಟ್ರಿಕ್‌ಗೆ ಮಾತ್ರ. ಎಕ್ಕದ ಕೆಳಗೆ ಎರಡು ಸಣ್ಣ ಎಲೆ ಬೀಳುವುದಕ್ಕಿಂತ ಎದುರಾಳಿಯ ರಾಜನನ್ನು ಹಿಡಿಯುವಲ್ಲಿ ಅದರ ಬೆಲೆ ದೊಡ್ಡದು. ಇದನ್ನು ಮಾವನವರಿಗೆ ಗೌರವದಿಂದಲೇ ಹೇಳುತ್ತಿದ್ದೇನೆ.

ದುರ್ಗಿಗುಡಿ, ಶಿವಮೊಗ್ಗ:

ತುಂಬಾ ಧನ್ಯವಾದ. ಮಾವನಿಗೆ ಓದಿ ಹೇಳಿದೆ. ಅವರದು ಎರಡು ಪ್ರಶ್ನೆ. ಉದ್ದದ ಬಣ್ಣದಲ್ಲಿ (ಹೆಚ್ಚು ಎಲೆ ಇರುವ ಬಣ್ಣದಲ್ಲಿ) ಮೇಲಿನಿಂದ ನಾಲ್ಕನೆಯ ಎಲೆ ಹಾಕಬೇಕೆಂಬ ನಿಯಮ ಏನಾಯಿತು? ಉತ್ತರದವರು ಎರಡು ಸ್ಪೇಡ್‌ಗೆ ಮರಳಿದ್ದರೆ ಆಗಲೂ ತುರುಫೇ?

ತೀರ್ಥಹಳ್ಳಿ:

ಆ ನಿಯಮ ಮುಖ್ಯವಾಗಿ ನೋ ಟ್ರಂಪ್ ಆಟಕ್ಕೆ. ಅಲ್ಲಿ ಉದ್ದದ ಬಣ್ಣದ ಕೊನೆಯ ಸಣ್ಣ ಎಲೆಗಳೂ ಟ್ರಿಕ್ ಗೆಲ್ಲುತ್ತವೆ, ಅವುಗಳನ್ನು ತುರುಫು ಹೊಡೆಯುವವರಿಲ್ಲ. ನಾಲ್ಕನೆಯ ಎಲೆಯಿಂದ ಜೊತೆಗಾರರಿಗೆ ಲೆಕ್ಕವೂ ಸಿಗುತ್ತದೆ. ಬ್ರಿಡ್ಜ್‌ಗಿಂತ ಹಳೆಯದಾದ ವಿಸ್ಟ್ ಆಟದ ಕಾಲದಿಂದ ಬಂದ ಹನ್ನೊಂದರ ಲೆಕ್ಕ ಅದು. ನೀವು ರಾಣಿ, 10, 8, 7ರಿಂದ 7 ಹಾಕಿದಿರಿ ಎನ್ನಿ. ಹನ್ನೊಂದರಲ್ಲಿ ಏಳು ಕಳೆದರೆ ನಾಲ್ಕು. ಉಳಿದ ಮೂರು ಕೈಗಳಲ್ಲಿ 7ಕ್ಕಿಂತ ದೊಡ್ಡವು ಒಟ್ಟು ನಾಲ್ಕೇ ಎಲೆ. ಡಮ್ಮಿಯಲ್ಲಿ ರಾಜ ಕಾಣುತ್ತಿದೆ, ಮಾವನವರ ಕೈಯಲ್ಲಿ ಎಕ್ಕ, ಗುಲಾಮ, 9 ಇವೆ. ಅಲ್ಲಿಗೆ ನಾಲ್ಕೂ ಮುಗಿದವು. ದಕ್ಷಿಣದವರಲ್ಲಿ 7ನ್ನು ಮೀರುವ ಎಲೆಯೇ ಇಲ್ಲ. ಡಮ್ಮಿಯಿಂದ ಸಣ್ಣದು ಬಂದರೆ ಮಾವನವರು 9 ಹಾಕಿದರೆ ಸಾಕು, ಎಕ್ಕ ರಾಜನಿಗಾಗಿ ಕಾಯಬಹುದು.

ಎರಡು ಸ್ಪೇಡ್ ಆಗಿದ್ದರೆ ತುರುಫು ಬೇಡ. ನಿಮ್ಮ ಎಕ್ಕ, ರಾಣಿ, 10, 8 ಇರುವಲ್ಲೇ ಕುಳಿತು ಗೆಲ್ಲುತ್ತವೆ, ನೀವೇ ಅದನ್ನು ಬಿಚ್ಚಿದರೆ ಎದುರಾಳಿಗೆ ಒಂದು ಟ್ರಿಕ್ ಉಳಿತಾಯ. ನಾಲ್ಕು ತುರುಫು ಕೈಯಲ್ಲಿದ್ದಾಗ ಬೇರೊಂದು ಉದ್ದದ ಬಣ್ಣದಿಂದ ದಕ್ಷಿಣದವರ ತುರುಫು ಕರಗಿಸುವುದು ಒಳ್ಳೆಯ ದಾರಿ, ಆದರೆ ಈ ಕೈಯಲ್ಲಿ ಅಂಥ ಬಣ್ಣವಿಲ್ಲ. ಡೈಮಂಡ್ ದಕ್ಷಿಣದವರ ಬಣ್ಣ, ಕ್ಲಬ್ ಅಪಾಯಕಾರಿ. ಆಗ ನಾನೂ ನಿಮ್ಮ ಹಾರ್ಟ್ 5 ಅನ್ನೇ ಹಾಕುತ್ತಿದ್ದೆ.