ಹೆಸರಘಟ್ಟ ಕಡೆ ಹಳೇ ಮನೆ: ಬಾವಿ ನೀರು ವಾಸನೆ, ಮೋಟಾರು ನೀರೆತ್ತಲ್ಲ. ಯಾವುದು ಮೊದಲು ಮಾಡಿಸಲಿ?

ತಾತನಮನೆ:
ಎಲ್ಲರಿಗೂ ನಮಸ್ಕಾರ. ಹೆಸರಘಟ್ಟದ ಹತ್ತಿರ ತಾತ ಕಟ್ಟಿಸಿದ ಹೆಂಚಿನ ಮನೆ ನಮ್ಮದು. ಅಪ್ಪ ಹೋದಮೇಲೆ ಅಮ್ಮ ಒಬ್ಬರೇ ಇದ್ದರು, ಈಗ ನಾನೂ ಮಕ್ಕಳೂ ಬಂದು ಸೇರಿದ್ದೇವೆ. ಕಾವೇರಿ ನೀರಿಲ್ಲ, ಯುಜಿಡಿಯೂ (ನೆಲದಡಿಯ ಒಳಚರಂಡಿ) ಇಲ್ಲ. ಹಿತ್ತಲಲ್ಲಿ 6 ಅಡಿ ಅಗಲ, 32 ಅಡಿ ಆಳದ ಕಲ್ಲುಕಟ್ಟಿನ ಬಾವಿ. ಈಗ 14 ಅಡಿ ನೀರಿದೆ. ಬಾವಿಯಿಂದ 35 ಅಡಿಗೆ ಕಕ್ಕಸಿನ ಪಿಟ್ಟು.

ದಿನಾ ಬೆಳಿಗ್ಗೆ ಮೋಟಾರಿಗೆ ಒಂದು ಬಿಂದಿಗೆ ನೀರು ಹುಯ್ಯದೆ ಅದು ನೀರೆತ್ತಲ್ಲ. ಅಡುಗೆಮನೆ ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬರುತ್ತೆ, ಮೊದಲ ಒಂದು ಚೊಂಬು ತುಕ್ಕಿನ ಬಣ್ಣ. ಹೋದ ತಿಂಗಳ ಮಳೆ ಆದಮೇಲೆ ನೀರಿಗೆ ಒಂಥರಾ ವಾಸನೆ. "ಮಳೆಗಾಲದಲ್ಲಿ ಬಾವಿ ನೀರು ಹಂಗೇ ಕಣೆ" ಅಂತಾರೆ ಅಮ್ಮ. ಆದರೆ ಚಿಕ್ಕವನಿಗೆ ಎರಡು ಸಲ ಭೇದಿ ಆಯಿತು, ನನಗೆ ನಿದ್ದೆ ಬರ್ತಿಲ್ಲ. ಬಂದು ನೋಡಿದ ಪ್ಲಂಬರ್ ಮನೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೆಲ್ಲ ಕಿತ್ತು ಹೊಸದು ಹಾಕೋಣ, 85,000 ಆಗುತ್ತೆ ಅಂದರು. ಕೈಯಲ್ಲಿ ಅಷ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

ಪೈಪ್‌ಪಾನಾ:
ಅಮ್ಮಾ, ಪೈಪು ಆಮೇಲೆ. ಮೊದಲು ಮಗುವಿನ ಹೊಟ್ಟೆ. ಇವತ್ತಿಂದಲೇ ಕುಡಿಯೋಕೆ, ಅಡುಗೆಗೆ ಬೇರೆ ನೀರು ತರಿಸಿ. ಯಲಹಂಕ, ದೊಡ್ಡಬಳ್ಳಾಪುರ ಕಡೆ 30 ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ಮಳೆ ಬಿದ್ದಮೇಲೆ ಬಾವಿ ನಾತ ಹೊಡೀತು ಅಂದ್ರೆ ನಾನು ಮೊದಲು ಅಗೆದು ನೋಡೋದು ಕಕ್ಕಸಿನಿಂದ ಪಿಟ್ಟಿಗೆ ಹೋಗೋ ಪೈಪನ್ನ. ಹಳೇ ಮನೆಗಳಲ್ಲಿ ಅದು ಕಂದು ಬಣ್ಣದ ಸ್ಟೋನ್‌ವೇರ್ ಪೈಪು. ಎರಡೆರಡು ಅಡಿಗೆ ಜಾಯಿಂಟು, ಸಿಮೆಂಟು ಮೆತ್ತಿರ್ತಾರೆ. ಹತ್ತಿರ ಮರ ಇದ್ರೆ ಬೇರು ಆ ಸಿಮೆಂಟನ್ನ ಸೀಳ್ಕೊಂಡು ಒಳಗೆ ಹೋಗುತ್ತೆ.

ಪರೀಕ್ಷೆ ನೀವೇ ಮಾಡಬಹುದು. ಪೈಪು ಪಿಟ್ಟಿಗೆ ಬೀಳೋ ಮುಂಚೆ ಚೇಂಬರ್ (ಪೈಪು ನೋಡೋಕೆ ಇರೋ ಮುಚ್ಚಳದ ಗುಂಡಿ) ಇದ್ರೆ, ಅದರ ಹೊರಬಾಯಿಗೆ ಗೋಣಿಚೀಲ ಪ್ಲಾಸ್ಟಿಕ್ಕಲ್ಲಿ ಸುತ್ತಿ ಗಟ್ಟಿಯಾಗಿ ತುರುಕಿ. ಮೇಲಿನ ಚೇಂಬರ್ ತುಂಬೋವರೆಗೂ ನೀರು ಬಿಟ್ಟು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅರ್ಧ ಗಂಟೆ ಯಾರೂ ಕಕ್ಕಸಿಗೆ ಹೋಗಬಾರದು. ನೀರು ಇಳಿದ್ರೆ ಪೈಪು ಸೋರ್ತಿದೆ.

ಸೋರದಿದ್ರೂ ನಿಶ್ಚಿಂತೆ ಬೇಡ. ಇಂಗುಗುಂಡಿ, ಅಂದ್ರೆ ಕೊಳೆ ನೀರು ಮಣ್ಣಿಗೆ ಇಂಗೋ ಪಿಟ್ಟು, ಕುಡಿಯೋ ಬಾವಿಯಿಂದ 18 ಮೀಟರ್, ಹತ್ತಿರ ಹತ್ತಿರ 60 ಅಡಿ ದೂರ ಇರಬೇಕು ಅನ್ನುತ್ತೆ ಐಎಸ್ 2470 ಅನ್ನೋ ಭಾರತೀಯ ಮಾನದಂಡ. ನಿಮ್ಮದು 35. ಹಳೇ ಪಿಟ್ಟುಗಳಿಗೆ ಎಷ್ಟೋ ಕಡೆ ತಳವೇ ಇರಲ್ಲ, ಬರೀ ಮಣ್ಣು.

ಮೋಟಾರು ಸಣ್ಣ ವಿಷಯ. ರಾತ್ರಿ ನೀರು ತುಂಬಿಸಿ ನಿಲ್ಲಿಸಿ. ಬೆಳಿಗ್ಗೆಗೆ ಇಳಿದಿದ್ರೆ ಬಹುತೇಕ ಫುಟ್‌ವಾಲ್ವ್ (ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದ ಹಾಗೆ ತಡೆಯೋದು) ಹೋಗಿದೆ, ಹೊಸದು ಹಾಕಿಸಿ. ಇನ್ನೊಂದು ಮಾತು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಕಟ್ಟೆ ಮೇಲಿನ ಮೋಟಾರು 20-22 ಅಡಿ ಕೆಳಗಿಂದ ಎಳೆಯೋಕೇ ಒದ್ದಾಡುತ್ತೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊಸ ಫುಟ್‌ವಾಲ್ವ್ ಹಾಕಿದ್ರೂ ಕೈಕೊಡುತ್ತೆ. ಆಗ ನೀರೊಳಗೇ ಮುಳುಗಿರೋ ಓಪನ್‌ವೆಲ್ ಸಬ್‌ಮರ್ಸಿಬಲ್ ಮೋಟಾರು ಇಳಿಸಿ.

ಹಿತ್ತಲಬಾಳೆ:
ಅಕ್ಕಾ, ನೀರಿನ ಪರೀಕ್ಷೆ ಮಾಡಿಸಿ. ಪಂಚಾಯ್ತಿಯಲ್ಲಿ ಕೇಳಿ, ಇಲ್ಲಾ ಲ್ಯಾಬಿನವರು ಕೊಡೋ ಶುದ್ಧ ಬಾಟಲಿಯಲ್ಲೇ ಹಿಡಿದು, ತಣ್ಣಗಿಟ್ಟು ಅವತ್ತೇ ಮುಟ್ಟಿಸಿ. ಇ-ಕೋಲಿ (ಮಲದಿಂದ ಬರೋ ಕ್ರಿಮಿ), ನೈಟ್ರೇಟ್ (ಕೊಳೆಯಿಂದ ನೀರಿಗೆ ಸೇರೋ ಲವಣ) ಎರಡೂ ನೋಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ಬಚ್ಚಲ ನೀರನ್ನ ಪಿಟ್ಟಿಗೆ ಬಿಡಬೇಡಿ, ನಮ್ಮಲ್ಲಿ ಬಾಳೆ ಬುಡಕ್ಕೇ ಹೋಗುತ್ತೆ.

ಕೆರೆಏರಿ:
ಪಿಟ್ಟಿಗೆ ಒಬ್ಬರನ್ನ ಇಳಿಸಿ ತಳ ಇದೆಯಾ ಅಂತ ನೋಡಿಸಿ, ಅರ್ಧ ದಿನದ ಕೂಲಿ ಅಷ್ಟೇ.

ಪೈಪ್‌ಪಾನಾ:
ಸ್ವಾಮಿ, ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಒಳಗಿನ ಗಾಳಿಗೆ ಒಂದೇ ಉಸಿರಲ್ಲಿ ಪ್ರಜ್ಞೆ ತಪ್ಪುತ್ತೆ, ಎತ್ತೋಕೆ ಇಳಿದವನೂ ವಾಪಸ್ ಬರಲ್ಲ. ಪಿಟ್ಟಿಗೆ ಹೀಗೆ ಜನರನ್ನ ಇಳಿಸಿ ಶುಚಿ ಮಾಡಿಸೋದನ್ನ 2013ರ ಕಾನೂನು ನಿಷೇಧಿಸಿದೆ. ಲಾರಿ ಕರೆಸಿ, ಪೈಪಿನಲ್ಲೇ ಎಳೆಸಿ. ಖಾಲಿಯಾದ ಮೇಲೆ ಮೇಲಿಂದ ಟಾರ್ಚ್ ಬಿಟ್ಟು ನೋಡಿದ್ರೆ ಸಾಕು, ತಲೆ ಒಳಗೆ ಬಗ್ಗಿಸಬೇಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ.

ತಾತನಮನೆ:
ಮೂರು ವಾರ ಆಯಿತು, ಬರೆಯೋದು ತಡ ಆಯಿತು. ಅರ್ಧ ಗಂಟೆಗೆ ನೀರು ನಾಲ್ಕು ಬೆರಳು ಇಳಿಯಿತು. ಸೀಬೆ ಮರದ ಬುಡದಲ್ಲಿ ಅಗೆಸಿದೆವು. ಜಾಯಿಂಟಿನೊಳಗೆ ಬೇರು ಜಡೆ ಹೆಣೆದ ಹಾಗೆ ತುಂಬಿಕೊಂಡಿತ್ತು, ಸುತ್ತ ಮಣ್ಣು ಕಪ್ಪಗೆ, ಮುಟ್ಟಿದರೆ ಜಿಗುಟು. ಅಮ್ಮ ನೋಡಿ ಮಾತಾಡದೆ ಒಳಗೆ ಹೋದರು. ವರದಿಯಲ್ಲಿ ಇ-ಕೋಲಿ ಇದೆ, ನೈಟ್ರೇಟ್ ಮಿತಿಯೊಳಗಿದೆ. 4 ಇಂಚಿನ ಪಿವಿಸಿ ಹಾಕಿಸಿದೆ. ಪಿಟ್ಟಿಗೆ ತಳ ಇರಲಿಲ್ಲ, ಹಲಸಿನ ಮರದ ಆಚೆ 70 ಅಡಿ ದೂರಕ್ಕೆ ಹೊಸದು ಕಟ್ಟಿಸ್ತಿದ್ದೇವೆ. ಫುಟ್‌ವಾಲ್ವ್‌ನಲ್ಲಿ ಕಡಲೆಕಾಳಿನಷ್ಟು ಕಲ್ಲು ಸಿಕ್ಕಿಕೊಂಡಿತ್ತು. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಲಿ? ಬಾವಿ ಸುತ್ತಲಿನ ಚಪ್ಪಡಿ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಆಗುತ್ತಾ?

ಪೈಪ್‌ಪಾನಾ:
ಹೊಸ ಪಿಟ್ಟು ಬಳಕೆಗೆ ಬಂದು, ಹಳೇದನ್ನ ಖಾಲಿ ಮಾಡಿಸಿ ಮಣ್ಣು ಮುಚ್ಚಿಸಿದ ಮೇಲೆ ಪೌಡರ್ ಹಾಕಿ, ಅಲ್ಲಿವರೆಗೆ ದಂಡ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ನಿಮ್ಮ ಬಾವಿಯಲ್ಲಿ ಸುಮಾರು 11,000 ಲೀಟರ್ ಇದೆ, 28 ಗ್ರಾಂ ಆಯ್ತು. ಬಕೆಟ್ಟಲ್ಲಿ ಕಲಸಿ, ಸುಣ್ಣ ತಳ ಹಿಡಿದ ಮೇಲೆ ತಿಳಿ ನೀರನ್ನ ಮಾತ್ರ ಬಾವಿಗೆ ಇಳಿಸಿ, ಬಿಂದಿಗೆ ಮೇಲೆ ಕೆಳಗೆ ಆಡಿಸಿ ಬೆರೆಸಿ. ಒಂದು ಗಂಟೆ ಬಿಡಿ. ಎರಡು ವಾರ ಆದಮೇಲೆ ಇನ್ನೊಮ್ಮೆ ಪರೀಕ್ಷೆ, ಅದು ಸರಿ ಬರೋವರೆಗೆ ಮಗುವಿಗೆ ಆ ನೀರು ಕೊಡಬೇಡಿ. ಚಪ್ಪಡಿ ಮೆತ್ತಿದ್ರೆ ಮತ್ತೆ ಬಿಡುತ್ತೆ. ಒಡೆಸಿ, ಬಾವಿ ಸುತ್ತ ಮೂರಡಿ ಕಾಂಕ್ರೀಟ್ ಹಾಕಿಸಿ, ಇಳಿಜಾರು ಹೊರಗಡೆಗೆ ಇರಲಿ.