ಅಪ್‌ಡೇಟ್: ದುಗ್ಗಮ್ಮನ ಜಾತ್ರೆ ಮುಗೀತು, ಕುಡೀಲಿಲ್ಲ

ಕುಡಿತ ಬಿಟ್ಟಿದ್ದೀನಿ, ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆಗೆ ಮನೆ ತುಂಬ ನೆಂಟರು, ಬಾಡೂಟ, ಬಾಟಲಿ, ಹೇಗೆ ತಡ್ಕೊಳ್ಳೋದು ಅಂತ ಕೇಳಿದ್ದೆ.

"ಊರು ಬಿಟ್ಟು ಹೋಗು" ಅಂದವರೇ ಜಾಸ್ತಿ. ಮನೆಮಗ ಜಾತ್ರೆಗಿಲ್ಲ ಅಂದ್ರೆ ಅಮ್ಮ ನೆಂಟರಿಗೆ ಏನು ಹೇಳ್ಬೇಕು? "ಕೈಗೆ ಕೆಲಸ ಹಚ್ಕೋ" ಅಂದವರ ಮಾತು ಕೆಲಸಕ್ಕೆ ಬಂತು. ಬಡಿಸೋಕೆ ನಿಂತೆ. ಸಾರಿನ ಬಕೆಟ್ ಹಿಡಿದವನ ಕೈಗೆ ಯಾರೂ ಗ್ಲಾಸ್ ಕೊಡಲ್ಲ.

ಕಷ್ಟ ಆಗಿದ್ದು ರಾತ್ರಿ, ಟೆರೇಸ್ ಮೇಲೆ. ಭಾವ ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿದ. ಬಾಟಲಿ ಇನ್ನೂ ಹೊರಗೇ ಬಂದಿರಲಿಲ್ಲ, ಮಿರ್ಚಿ ವಾಸನೆಗೇ ನಾಲಿಗೆ ವಿಸ್ಕಿ ಕೇಳ್ತು! ಕೆಳಗಿಳಿದು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಗುಂಪು) ಸ್ಪಾನ್ಸರ್‌ಗೆ, ಅಂದ್ರೆ ಅಲ್ಲಿ ನನಗೆ ಆಸರೆಯಾಗಿರೋ ಹಳೇ ಸದಸ್ಯರಿಗೆ, ಫೋನ್ ಮಾಡಿದೆ. ಉಪದೇಶ ಏನಿಲ್ಲ, ಮೆಕ್ಕೆಜೋಳದ ರೇಟು, ಮಗಳ ಸೀಟು ಅಂತ ಮಾತಾಡ್ತಾನೇ ಇದ್ರು, ಆಸೆ ಇಳಿಯೋವರೆಗೂ.

ಮಾತ್ರೆ ಬಗ್ಗೆ ಕೇಳಿದವರಿಗೆ: ನಾಲ್ಟ್ರೆಕ್ಸೋನ್ ಕುಡಿಯೋ ಆಸೆ ತಗ್ಗಿಸುತ್ತೆ. ಡೈಸಲ್ಫಿರಾಮ್ ಬೇರೆ, ಅದರ ಮೇಲೆ ಕುಡಿದ್ರೆ ಜೀವಕ್ಕೇ ಅಪಾಯ ಆಗಬಹುದು. ಕುಡಿಯೋರಿಗೆ ಗೊತ್ತಾಗದಂತೆ ಅದನ್ನ ಊಟದಲ್ಲಿ ಬೆರೆಸೋದು ಬೇಡವೇ ಬೇಡ. ದಿನಾ ಜಾಸ್ತಿ ಕುಡಿಯೋರು ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರಬಹುದು, ಮೊದಲು ಡಾಕ್ಟರ್ ಹತ್ರ ಹೋಗಿ. ರಾತ್ರಿ ಯಾರೂ ಸಿಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಭಾವ ಮಾತ್ರ ಇನ್ನೂ ಮುನಿಸ್ಕೊಂಡಿದ್ದಾನೆ.